ಲಾವಾ ನೆಲದ ಮೇಲೆ ನಾವು ಊರು ಆರಿಸಿಕೊಂಡ ಬಗೆ

ಹವಾಯಿಯ ದೊಡ್ಡ ದ್ವೀಪದ ಪುನಾ ಸೀಮೆಯಲ್ಲಿ ಒಂದು ಎಕರೆ ಜಾಗವನ್ನೂ ಅದರಲ್ಲಿದ್ದ ಸಣ್ಣ ಮನೆಯನ್ನೂ ಕೊಳ್ಳುವ ಮೊದಲು ನಾವು ಗಂಡ ಹೆಂಡತಿ ಸುಮಾರು ಎರಡು ವರ್ಷ ಹುಡುಕಿದೆವು. ಆ ಎರಡು ವರ್ಷಗಳಲ್ಲಿ ಮನೆಯೊಳಗೆ ಕಾಲಿಟ್ಟು ನೋಡಿದ್ದಕ್ಕಿಂತ ರಸ್ತೆ, ಮಳೆ, ಮರ, ನಕಾಶೆಗಳನ್ನು ನೋಡಿದ್ದೇ ಹೆಚ್ಚು. ಮನೆಯನ್ನು ಆಮೇಲೆ ದುರಸ್ತಿ ಮಾಡಬಹುದು, ಬೇಕಾದರೆ ಕೆಡವಿ ಕಟ್ಟಬಹುದು. ನೆಲದ ಇಳಿಜಾರನ್ನಾಗಲಿ, ಊರಿನಿಂದ ಹೊರಬೀಳುವ ದಾರಿಯನ್ನಾಗಲಿ ಬದಲಿಸಲು ಯಾರಿಂದಲೂ ಆಗುವುದಿಲ್ಲ. ಈ ಮಾತು ನನಗೆ ಮನವರಿಕೆಯಾದದ್ದು 2018ರಲ್ಲಿ.

ನನ್ನ ಪತಿಯ ಕೆಲಸದ ನಿಮಿತ್ತ ನಾವು 2016ರಲ್ಲಿ ಹಿಲೋ ಪಟ್ಟಣಕ್ಕೆ ಬಂದು ಬಾಡಿಗೆ ಮನೆಯಲ್ಲಿದ್ದೆವು. 2018ರ ಮೇ 3ರಂದು ಲೇಲಾನಿ ಎಸ್ಟೇಟ್ಸ್ ಎಂಬ ಬಡಾವಣೆಯ ನಡುವೆಯೇ ನೆಲ ಬಿರಿದು ಲಾವಾ ಹೊರಬಂತು, ಮರುದಿನ 6.9 ತೀವ್ರತೆಯ ಭೂಕಂಪವಾಯಿತು. ಒಂದಾದ ಮೇಲೊಂದರಂತೆ 24 ಬಿರುಕುಗಳು ತೆರೆದುಕೊಂಡವು. ಎಂಟನೆಯ ಬಿರುಕಿನಿಂದ ಹೊರಟ ಲಾವಾ ಹೊಳೆಯಾಗಿ ಸುಮಾರು 13 ಕಿಲೋಮೀಟರ್ ಹರಿದು ಕಪೋಹೋ ಕೊಲ್ಲಿಯನ್ನು ಮುಚ್ಚಿತು. ಒಟ್ಟು 700ಕ್ಕೂ ಹೆಚ್ಚು ಮನೆಗಳು ಹೋದವು. ರಾತ್ರಿ ಹಿಲೋದಿಂದ ನೋಡಿದರೆ ದಕ್ಷಿಣದ ಮೋಡಗಳು ಕೆಂಪಗೆ ಹೊಳೆಯುತ್ತಿದ್ದವು. ನನ್ನ ಪತಿಯ ಸಹೋದ್ಯೋಗಿಯೊಬ್ಬರು ಲೇಲಾನಿಯ ತಮ್ಮ ಮನೆಯಿಂದ ಮೂರು ಸಲ ಸಾಮಾನು ಹೊತ್ತು ತಂದರು. ನಾಲ್ಕನೆಯ ಸಲ ಹೋದಾಗ ರಸ್ತೆಯೇ ಇರಲಿಲ್ಲ. ಕಿಲವೇಯಾ ಜ್ವಾಲಾಮುಖಿ ಪರ್ವತದ ಶಿಖರದ ಕುಂಡದಿಂದ ಆ ಬಡಾವಣೆ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಅಷ್ಟು ದೂರ ಇದ್ದೇವೆ ಎಂಬ ಲೆಕ್ಕ ಅಲ್ಲಿ ಯಾರನ್ನೂ ಕಾಯಲಿಲ್ಲ, ಏಕೆಂದರೆ ಈ ಪರ್ವತದ ಬೆಂಕಿ ಶಿಖರದಲ್ಲಷ್ಟೇ ಅಲ್ಲ, ಅಲ್ಲಿಂದ ಸಮುದ್ರದವರೆಗೆ ನೆಲದಡಿಯಲ್ಲಿ ಚಾಚಿಕೊಂಡಿರುವ ಬಿರುಕಿನ ಪಟ್ಟಿಯ ಉದ್ದಕ್ಕೂ ಇದೆ.

ಆದ್ದರಿಂದ ನಾವು ಮೊದಲು ಗೋಡೆಗೆ ಹಚ್ಚಿದ್ದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರ ಲಾವಾ ಅಪಾಯದ ನಕಾಶೆ. ಇಡೀ ದ್ವೀಪವನ್ನು ಅವರು ಒಂಬತ್ತು ವಲಯಗಳಾಗಿ ವಿಂಗಡಿಸಿದ್ದಾರೆ. ಒಂದನೆಯ ವಲಯವೆಂದರೆ ಶಿಖರ ಮತ್ತು ಬಿರುಕಿನ ಪಟ್ಟಿಗಳು. ಎರಡನೆಯದು ಅವುಗಳ ಪಕ್ಕದ ಮತ್ತು ಕೆಳಗಿನ ಇಳಿಜಾರು, ಅದರಲ್ಲಿ ಶೇಕಡಾ 15ರಿಂದ 25ರಷ್ಟು ನೆಲ 1800ರಿಂದೀಚೆಗೆ ಲಾವಾದಡಿ ಸೇರಿದೆ. ಮೂರನೆಯದರಲ್ಲಿ ಆ ಪ್ರಮಾಣ ಶೇಕಡಾ 1ರಿಂದ 5. ಒಂಬತ್ತನೆಯದು ಉತ್ತರದ ಕೊಹಾಲಾ, ಅಲ್ಲಿ 60,000 ವರ್ಷಗಳಿಂದ ಲಾವಾ ಹರಿದಿಲ್ಲ. ಈ ನಕಾಶೆಯನ್ನು ಬ್ಯಾಂಕಿನವರೂ ವಿಮೆಯವರೂ ನಮಗಿಂತ ಚೆನ್ನಾಗಿ ಓದಿರುತ್ತಾರೆ. ಒಂದು ಮತ್ತು ಎರಡನೆಯ ವಲಯದ ಮನೆಗಳಿಗೆ ಸಾಮಾನ್ಯ ವಿಮೆ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆಂದೇ 1991ರಲ್ಲಿ ಪ್ರತ್ಯೇಕ ವಿಮಾ ಸಂಘವನ್ನು ಮಾಡಬೇಕಾಯಿತು, ಅದರ ಕಂತೂ ದುಬಾರಿ. ಲೇಲಾನಿಯಂಥ ಕಡೆ ಜಾಗ ಅಗ್ಗವಾಗಿರುವುದನ್ನು ಕಂಡು ಆಸೆಪಡುವವರು ಆ ಕಂತನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ಹಣ ಇದ್ದಿದ್ದರೆ ನಾನು ಕಣ್ಣುಮುಚ್ಚಿ ಹಮಾಕುವಾ ಕರಾವಳಿಗೆ ಹೋಗುತ್ತಿದ್ದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಮೌನಾ ಕೇಯಾ ಪರ್ವತದ ಇಳಿಜಾರು, ಎಂಟನೆಯ ವಲಯ. 1994ರವರೆಗೂ ಕಬ್ಬು ಬೆಳೆದ ಆಳವಾದ ಮಣ್ಣು. ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದ ದಿನ ನನಗೆ ಶಿರಸಿಯ ನಮ್ಮ ತೋಟದ ನೆನಪಾಯಿತು. ಆದರೆ ಅಲ್ಲಿ ಮಾರಾಟಕ್ಕಿದ್ದ ತುಂಡುಗಳು ದೊಡ್ಡವು, ಬೆಲೆ ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. ದ್ವೀಪದ ದಕ್ಷಿಣದ ಓಷನ್ ವ್ಯೂ ತೀರಾ ಅಗ್ಗ, ಆದರೆ ಮಳೆ ಕಡಿಮೆ. ಜೊತೆಗೆ ಈಶಾನ್ಯದ ವಾಣಿಜ್ಯ ಮಾರುತ ಜ್ವಾಲಾಮುಖಿಯ ಗಂಧಕದ ಹೊಗೆಯನ್ನು ಹೆಚ್ಚಾಗಿ ಆ ಕಡೆಗೇ ಒಯ್ಯುತ್ತದೆ. ನನ್ನ ಪತಿಗೆ ಉಬ್ಬಸ ಇರುವುದರಿಂದ ಅದನ್ನು ಒಂದೇ ಭೇಟಿಯಲ್ಲಿ ಬಿಟ್ಟೆವು.

ಹೀಗೆ ಉಳಿದದ್ದು ಪುನಾದ ಮೂರನೆಯ ವಲಯದ ಬಡಾವಣೆಗಳು. ಇವುಗಳ ಹುಟ್ಟನ್ನು ತಿಳಿಯದೆ ಇಲ್ಲಿ ಜಾಗ ಕೊಳ್ಳಬಾರದು. 1950ರ ದಶಕದ ಕೊನೆಯಿಂದ ಭೂ ವ್ಯಾಪಾರಿಗಳು ಸಾವಿರಾರು ಎಕರೆ ಲಾವಾ ನೆಲವನ್ನು ನಕಾಶೆಯ ಮೇಲೆ ಚೌಕಗಳಾಗಿ ಕತ್ತರಿಸಿ ದೂರದ ಊರುಗಳವರಿಗೆ ಮಾರಿದರು. ನೀರಿನ ಕೊಳವೆ, ಚರಂಡಿ, ಟಾರು ರಸ್ತೆ ಯಾವುದನ್ನೂ ಕೊಡಲಿಲ್ಲ. ಇವತ್ತಿಗೂ ಒಳರಸ್ತೆಗಳು ಸರ್ಕಾರದವಲ್ಲ, ನಿವಾಸಿಗಳೇ ವರ್ಷಕ್ಕಿಷ್ಟು ಎಂದು ಸಂಘಕ್ಕೆ ಹಣ ಕಟ್ಟಿ ನೋಡಿಕೊಳ್ಳಬೇಕು. ಆದ್ದರಿಂದ ನಾವು ಪ್ರತಿ ಬಡಾವಣೆಯಲ್ಲೂ ಕೇಳಿದ ಮೊದಲ ಪ್ರಶ್ನೆ ರಸ್ತೆಯ ಸಂಘದ್ದು. ಸಂಘ ಗಟ್ಟಿಯಾಗಿದ್ದ ಕಡೆ ಜಲ್ಲಿ ಹಾಸಿ ಟಾರು ಬಳಿದಿದ್ದರು. ಜಗಳವಿದ್ದ ಕಡೆ ಮೊಣಕಾಲುದ್ದದ ಗುಂಡಿಗಳು.

ಒಳರಸ್ತೆಗಿಂತಲೂ ಮುಖ್ಯವಾದದ್ದು ಹೊರದಾರಿ. ಕೆಳ ಪುನಾದ ಜನರೆಲ್ಲ ಹಿಲೋಗೆ ಹೋಗಲು ನಂಬಿರುವುದು 130ನೇ ಹೆದ್ದಾರಿಯೊಂದನ್ನೇ. 2014ರ ಜೂನ್ 27ರಂದು ಶುರುವಾದ ಲಾವಾ ಹರಿವು ತಿಂಗಳುಗಟ್ಟಲೆ ತೆವಳುತ್ತ ಪಾಹೋವಾ ಪೇಟೆಯ ಅಂಚಿಗೆ ಬಂದು ನಿಂತಿತು. ಅದು ಹೆದ್ದಾರಿಯನ್ನು ದಾಟಿದ್ದರೆ ಪಾಹೋವಾದಿಂದ ಕೆಳಗಿನ ಊರುಗಳೆಲ್ಲ ಕಡಿದುಹೋಗುತ್ತಿದ್ದವು. ಇದನ್ನು ತಿಳಿದ ಮೇಲೆ ನಾವು ಪಾಹೋವಾದಿಂದ ಹಿಲೋ ಕಡೆಗಿರುವ ಜಾಗಗಳನ್ನು ಮಾತ್ರ ನೋಡುವುದೆಂದು ಗೆರೆ ಎಳೆದೆವು. ಹವಾಯಿಯನ್ ಏಕರ್ಸ್, ಆರ್ಕಿಡ್‌ಲ್ಯಾಂಡ್, ಐನಾಲೋವಾ, ಹವಾಯಿಯನ್ ಪ್ಯಾರಡೈಸ್ ಪಾರ್ಕ್ ಈ ನಾಲ್ಕು ಉಳಿದವು.

ಇಲ್ಲಿಯ ಜನ ದಿಕ್ಕು ಹೇಳುವುದು ಉತ್ತರ ದಕ್ಷಿಣ ಎಂದಲ್ಲ. ಬೆಟ್ಟದ ಕಡೆ ಎಂದರೆ ಮೌಕಾ, ಸಮುದ್ರದ ಕಡೆ ಎಂದರೆ ಮಕೈ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಮಾತಾಡುತ್ತ ಬೆಳೆದ ನನಗೆ ಇದು ಒಂದೇ ದಿನದಲ್ಲಿ ನಾಲಿಗೆಗೆ ಹತ್ತಿತು. ಆ ಮಾತಿನಲ್ಲಿ ಬರಿಯ ದಿಕ್ಕಲ್ಲ, ಹವೆಯೂ ಇದೆ. ಮೌಕಾ ಏರಿದಂತೆ ಮಳೆ ಹೆಚ್ಚುತ್ತದೆ, ಬಿಸಿಲು ಕಡಿಮೆಯಾಗುತ್ತದೆ, ಬಟ್ಟೆಗೂ ಪುಸ್ತಕಕ್ಕೂ ಬೂಸಲು ಹಿಡಿಯುತ್ತದೆ. ಮಕೈ ಇಳಿದಂತೆ ಬಿಸಿಲು ಹೆಚ್ಚು, ಉಪ್ಪು ಗಾಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ. ಹಿಲೋದಲ್ಲಿ ವರ್ಷಕ್ಕೆ ಸುಮಾರು 3,200 ಮಿಲಿಮೀಟರ್ ಮಳೆ. ಮಲೆನಾಡಿನವರಾದ ನಮಗೆ ಅಂಕಿ ಹೆದರಿಕೆ ಹುಟ್ಟಿಸಲಿಲ್ಲ, ಆದರೆ ಅದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮಳೆಯಲ್ಲ, ವರ್ಷವಿಡೀ ಬರುವ ಮಳೆ, ಚಳಿಗಾಲದಲ್ಲಿ ಇನ್ನೂ ಜೋರು. ಅದನ್ನು ಅನುಭವಿಸಿಯೇ ತಿಳಿಯಬೇಕೆಂದು ನಾವು ಹವಾಯಿಯನ್ ಏಕರ್ಸ್‌ನ ಮೌಕಾ ಭಾಗದಲ್ಲಿ ಒಂದು ಮನೆಯನ್ನು ನವೆಂಬರ್‌ನಿಂದ ಮಾರ್ಚ್‌ವರೆಗೆ ಬಾಡಿಗೆಗೆ ಹಿಡಿದೆವು. ಇಡೀ ಹುಡುಕಾಟದಲ್ಲಿ ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದು. ಮೂರು ಎಕರೆಯ ಕಾಡು ತುಂಬ ಚೆಂದವಿತ್ತು. ಆದರೆ ಐದು ತಿಂಗಳಲ್ಲಿ ಹಾಸಿಗೆ ಒಂದು ದಿನವೂ ಪೂರ್ತಿ ಒಣಗಲಿಲ್ಲ, ನನ್ನ ಪತಿಯ ಉಬ್ಬಸ ಬೂಸಲಿಗೆ ಹೆಚ್ಚಾಯಿತು. ಕೊಂಡ ಮೇಲೆ ಇದು ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆವೋ!

ಆ ಬಾಡಿಗೆ ಮನೆಯಲ್ಲೇ ನೀರಿನ ಪಾಠವೂ ಆಯಿತು. ಇಲ್ಲಿ ಮಾಡಿನ ಮೇಲೆ ಬಿದ್ದ ಮಳೆ ನೀರೇ ಮನೆಯ ನೀರು. ಸಾಮಾನ್ಯವಾಗಿ 10,000 ಗ್ಯಾಲನ್, ಅಂದರೆ ಸುಮಾರು 38,000 ಲೀಟರ್ ಹಿಡಿಯುವ ದುಂಡನೆಯ ಟ್ಯಾಂಕ್ ಇರುತ್ತದೆ; ಅಲ್ಲಿಂದ ಪಂಪು, ಎರಡು ಹಂತದ ಶೋಧಕ, ಕೊನೆಗೆ ಅತಿನೇರಳೆ ದೀಪ. ಒಂದು ದಿನ ನಲ್ಲಿಯ ನೀರಿಗೆ ಕೆಟ್ಟ ವಾಸನೆ ಬಂದು ಟ್ಯಾಂಕಿನ ಹೊದಿಕೆ ಸರಿಸಿ ನೋಡಿದರೆ ಬಟ್ಟೆ ಹರಿದು ಇಲಿಯೊಂದು ಬಿದ್ದು ಸತ್ತಿತ್ತು. ಇಲ್ಲಿ ಇಲಿಯ ಶ್ವಾಸಕೋಶದ ಹುಳುವಿನ ಕಾಯಿಲೆ ಇದೆ. ಇಲಿಯಿಂದ ಬಸವನಹುಳುಗಳಿಗೆ, ಅವುಗಳಿಂದ ಹಸಿ ಸೊಪ್ಪಿನ ಮೂಲಕ ಮನುಷ್ಯರಿಗೆ ಹರಡಿ ಮಿದುಳಿಗೆ ಏರುತ್ತದೆ. ಅಂದಿನಿಂದ ನಾವು ಯಾವ ಮನೆ ನೋಡಲು ಹೋದರೂ ಅಡುಗೆಮನೆಗಿಂತ ಮೊದಲು ಏಣಿ ಹಾಕಿ ಟ್ಯಾಂಕಿನೊಳಗೆ ಇಣುಕುತ್ತಿದ್ದೆವು. ಕುಡಿಯುವ ನೀರನ್ನು ಕೌಂಟಿಯ ಸಾರ್ವಜನಿಕ ನಲ್ಲಿಗಳಿಂದ ಡಬ್ಬಗಳಲ್ಲಿ ತುಂಬಿಕೊಂಡು ಬರುವ ರೂಢಿ ಇದೆ, ಆ ನಲ್ಲಿ ಎಷ್ಟು ದೂರ ಎಂಬುದನ್ನೂ ಗುರುತು ಹಾಕಿಕೊಳ್ಳುತ್ತಿದ್ದೆವು.

ಜಾಗ ಮನಸ್ಸಿಗೆ ಬಂದರೆ ನಾವು ಮೂರು ಸಲ ಹೋಗುತ್ತಿದ್ದೆವು: ಒಮ್ಮೆ ಜೋರು ಮಳೆಯಲ್ಲಿ, ಒಮ್ಮೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತಿನ ವಾಹನ ಸಾಲಿನಲ್ಲಿ, ಒಮ್ಮೆ ಕತ್ತಲಾದ ಮೇಲೆ. ರಾತ್ರಿ ಹೋಗದವರಿಗೆ ಕೊಕಿ ಕಪ್ಪೆ ಗೊತ್ತಾಗುವುದಿಲ್ಲ. ಪೋರ್ಟೊ ರಿಕೊದಿಂದ ಗಿಡಗಳ ಜೊತೆ ಬಂದ ಈ ಪುಟ್ಟ ಕಪ್ಪೆ ಹಗಲೆಲ್ಲ ಸುಮ್ಮನಿದ್ದು ಕತ್ತಲಾದೊಡನೆ ಸಾವಿರಗಟ್ಟಲೆಯಾಗಿ ಕೂಗತೊಡಗುತ್ತದೆ. ಮಳೆಗಾಲದ ಕಪ್ಪೆ ಕೂಗಿನಲ್ಲಿ ಮಲಗಿ ಅಭ್ಯಾಸವಿದ್ದ ನನಗೆ ಅದು ತೊಂದರೆಯಾಗಲಿಲ್ಲ, ಆದರೆ ಪೇಟೆಯಲ್ಲಿ ಬೆಳೆದ ನನ್ನ ಪತಿ ಒಪ್ಪಿಕೊಳ್ಳಲು ಕಾಲ ಬೇಕಾಯಿತು.

ಇರುವೆಯ ಪರೀಕ್ಷೆಯನ್ನು ನಮಗೆ ಕಲಿಸಿದವರು ನಾವು ನೋಡಲು ಹೋಗಿದ್ದ ಒಂದು ಜಾಗದ ಪಕ್ಕದ ಮನೆಯ ಹಿರಿಯ ಹೆಂಗಸು. ಹಿರಿಯರನ್ನು ಇಲ್ಲಿಯೂ ಎಲ್ಲರೂ ಆಂಟಿ, ಅಂಕಲ್ ಎಂದೇ ಕರೆಯುತ್ತಾರೆ. ಬೇಲಿಯಾಚೆಯಿಂದ ನಮ್ಮನ್ನು ನೋಡಿದ ಆಂಟಿ, "ಇರುವೆ ನೋಡಿದಿರಾ?" ಎಂದರು. ನಾನು, "ಇಲ್ಲ ಆಂಟಿ, ಹೇಗೆ ನೋಡುವುದು?" ಎಂದೆ. ಒಳಗೆ ಹೋಗಿ ಊಟದ ಕಡ್ಡಿಗಳನ್ನೂ ಶೇಂಗಾ ಬೆಣ್ಣೆಯ ಡಬ್ಬಿಯನ್ನೂ ತಂದರು. ಕಡ್ಡಿಯ ತುದಿಗೆ ತೆಳ್ಳಗೆ ಬೆಣ್ಣೆ ಸವರಿ ಮರದ ಬುಡ, ಕೊಂಬೆಯ ಕವಲು, ಟ್ಯಾಂಕಿನ ನೆರಳು ಹೀಗೆ ಹತ್ತು ಕಡೆ ಇಟ್ಟು ಒಂದು ಗಂಟೆ ಬಿಟ್ಟರು. ತಿರುಗಿ ಬಂದು ನೋಡಿದಾಗ ಮೂರು ಕಡ್ಡಿಗಳ ಮೇಲೆ ತಿಳಿ ಕಿತ್ತಳೆ ಬಣ್ಣದ, ಸಾಸಿವೆಗಿಂತಲೂ ಸಣ್ಣ ಇರುವೆಗಳು ನಿಧಾನವಾಗಿ ಹರಿದಾಡುತ್ತಿದ್ದವು. ಅವು ಮರದಿಂದ ಕುತ್ತಿಗೆಯ ಮೇಲೆ ಉದುರಿ ಕಚ್ಚುತ್ತವೆ, ನಾಯಿ ಬೆಕ್ಕುಗಳ ಕಣ್ಣು ಕೆಡಿಸುತ್ತವೆ. ಆ ಜಾಗವನ್ನು ಬಿಟ್ಟೆವು. ಆಮೇಲೆ ನೋಡಿದ ಪ್ರತಿಯೊಂದು ಜಾಗದಲ್ಲೂ ನನ್ನ ಚೀಲದಲ್ಲಿ ಕಡ್ಡಿ, ಡಬ್ಬಿ ಇದ್ದೇ ಇರುತ್ತಿದ್ದವು.

ಮರಗಳನ್ನು ನೋಡುವಾಗ ನಮ್ಮ ಗಡಿಯೊಳಗಿನವನ್ನಷ್ಟೇ ನೋಡಿದರೆ ಸಾಲದು. ನಮ್ಮ ಬಾಗೆ ಮರದ ಸಂಬಂಧಿಯಾದ ಆಲ್ಬಿಜಿಯಾ ಇಲ್ಲಿ ಬಹಳ ಬೇಗ ಬಹಳ ಎತ್ತರಕ್ಕೆ ಬೆಳೆಯುತ್ತದೆ, ಕೊಂಬೆ ಮಾತ್ರ ಸುಲಭವಾಗಿ ಮುರಿಯುತ್ತದೆ. 2014ರ ಆಗಸ್ಟ್‌ನ ಇಸೆಲ್ ಬಿರುಗಾಳಿಯಲ್ಲಿ ಈ ಮರಗಳು ತಂತಿ ಮತ್ತು ರಸ್ತೆಗಳ ಮೇಲೆ ಉರುಳಿದ್ದರಿಂದಲೇ ಪುನಾದಲ್ಲಿ ಎಷ್ಟೋ ಮನೆಗಳು ವಾರಗಟ್ಟಲೆ ಕತ್ತಲಲ್ಲಿದ್ದವು. ಪಕ್ಕದ ಖಾಲಿ ಜಾಗದಲ್ಲಿ ಅಂಥ ಮರವಿದ್ದು, ಮಾಲೀಕರು ಎಲ್ಲೋ ದೂರದಲ್ಲಿದ್ದರೆ, ಕಡಿಸುವವರು ಯಾರೂ ಇರುವುದಿಲ್ಲ.

ಕಾಗದಪತ್ರದ ವಿಷಯದಲ್ಲಿ ನಾವು ಒಮ್ಮೆ ಎಡವಿದೆವು. ಮನಸ್ಸಿಗೆ ತುಂಬ ಹಿಡಿಸಿದ್ದ ಮನೆಯೊಂದಕ್ಕೆ ಮುಂಗಡವನ್ನೂ ಕೊಟ್ಟಿದ್ದೆವು. ಮಾರಾಟ ಮಾಡಿಸುತ್ತಿದ್ದವರು ಎಲ್ಲವೂ ಸರಿಯಿದೆ ಎಂದಿದ್ದರು. ಹಿಲೋದ ಕಚೇರಿಯಲ್ಲಿ ದಾಖಲೆ ತೆಗೆಸಿದಾಗ ಪರವಾನಗಿ ಇದ್ದದ್ದು ಒಂದು ಕೋಣೆಗೆ ಮಾತ್ರ, ಉಳಿದದ್ದೆಲ್ಲ ಆಮೇಲೆ ಸೇರಿಸಿದ್ದು ಎಂದು ತಿಳಿಯಿತು. ಬ್ಯಾಂಕು ಸಾಲ ನಿರಾಕರಿಸಿತು. ಮುಂಗಡ ವಾಪಸು ಬರಲು ನಾಲ್ಕು ತಿಂಗಳಾಯಿತು. ಊರಿನಲ್ಲಿ ಪಹಣಿ ನೋಡದೆ ಜಮೀನಿನ ಮಾತನ್ನೇ ಎತ್ತದ ನನ್ನ ತಂದೆಗೆ ಇದನ್ನು ಫೋನಿನಲ್ಲಿ ಹೇಳುವುದು ನನಗೆ ಬಹಳ ಕಷ್ಟವಾಯಿತು. ಶೌಚದ ಗುಂಡಿ ಯಾವ ಬಗೆಯದೆಂಬುದೂ ದಾಖಲೆಯಲ್ಲಿ ಸಿಗುತ್ತದೆ. 2017ರ ಕಾನೂನಿನಂತೆ ಹಳೆಯ ಮಾದರಿಯ ಇಂಗುಗುಂಡಿಗಳನ್ನೆಲ್ಲ 2050ರೊಳಗೆ ಬದಲಿಸಬೇಕು, ಆ ಖರ್ಚು ಕೊಂಡವರ ತಲೆಯ ಮೇಲೆ. ಗಡಿಯ ಅಳತೆಯನ್ನು ಹೊಸದಾಗಿ ಮಾಡಿಸಲೇಬೇಕು. ಎಲ್ಲ ಜಾಗಗಳೂ ಒಂದೇ ಅಳತೆಯ ಒಂದೇ ಬಗೆಯ ಕಾಡುಗಳಾಗಿರುವ ಪ್ಯಾರಡೈಸ್ ಪಾರ್ಕ್‌ನಲ್ಲಿ ಬೇರೆಯವರ ಜಾಗದ ಮೇಲೆ ಪೂರ್ತಿ ಮನೆಯನ್ನೇ ಕಟ್ಟಿಬಿಟ್ಟ ಪ್ರಕರಣ 2024ರಲ್ಲಿ ದೇಶವೆಲ್ಲ ಸುದ್ದಿಯಾಯಿತು.

ಕೊನೆಗೆ ನಾವು 2021ರಲ್ಲಿ ಕೊಂಡದ್ದು ಆ ಪ್ಯಾರಡೈಸ್ ಪಾರ್ಕ್‌ನಲ್ಲೇ, ಸಮುದ್ರಕ್ಕೂ ಹೆದ್ದಾರಿಗೂ ನಡುವಿನ ಒಂದು ಅಡ್ಡರಸ್ತೆಯಲ್ಲಿ. ಮೂರನೆಯ ವಲಯ, ಪರವಾನಗಿ ಪೂರ್ತಿ, ಸುತ್ತ ಮೂರೂ ಕಡೆ ಮನೆಗಳು, ಇಟ್ಟ ಹನ್ನೆರಡು ಕಡ್ಡಿಗಳಲ್ಲಿ ಒಂದರಲ್ಲೂ ಆ ಇರುವೆ ಇಲ್ಲ. ಕೊರತೆಗಳೂ ಇವೆ. ಬೆಳಿಗ್ಗೆ ಹಿಲೋ ದಾರಿಯಲ್ಲಿರುವ ಕೇಯಾವು ಪೇಟೆಯ ಕಡೆಗೆ ವಾಹನಗಳ ಸಾಲು ಉದ್ದ; ಹಿಲೋದ ಆಸ್ಪತ್ರೆ ಮುಕ್ಕಾಲು ಗಂಟೆಯ ದಾರಿ. ಮಣ್ಣು ಎಂಬುದು ಇಲ್ಲವೇ ಇಲ್ಲ. ಹಾಸುಬಂಡೆಯಂಥ ಲಾವಾವನ್ನು ಯಂತ್ರದಿಂದ ಒಡೆಸಿ, ಲಾರಿಯಲ್ಲಿ ತಂದ ಮಣ್ಣು ಗೊಬ್ಬರ ತುಂಬಿ, ಒಂದೊಂದು ಗಿಡಕ್ಕೂ ಒಂದೊಂದು ಗುಂಡಿ ಮಾಡಬೇಕಾಯಿತು.

ಮೊದಲ ಗುಂಡಿಯಲ್ಲಿ ನೆಟ್ಟದ್ದು ಕೆಸುವಿನ ಗಡ್ಡೆ. ಹವಾಯಿಯವರು ಅದನ್ನು ಕಾಲೋ ಎನ್ನುತ್ತಾರೆ, ಅವರಿಗೆ ಅದು ಕುಲದ ಹಿರಿಯಣ್ಣನಿದ್ದಂತೆ. ಗಡ್ಡೆ ಕೊಟ್ಟವರು ಈಗಿನ ನಮ್ಮ ನೆರೆಮನೆಯವರು. ನೀರು ನಿಲ್ಲದ ನೆಲದಲ್ಲೂ ಬರುವ ಜಾತಿಯನ್ನು ಅವರೇ ಆರಿಸಿ ಕೊಟ್ಟರು. ಎಲೆ ಬಂದ ಮೇಲೆ ಒಂದೊಂದನ್ನೇ ಎರಡೂ ಬದಿ ತೊಳೆದು, ಬಸವನಹುಳುವಿನ ಜಾಡು ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಪತ್ರೊಡೆ ಮಾಡಿ ಒಂದು ಗಂಟೆ ಹಬೆಯಲ್ಲಿ ಬೇಯಿಸಿ ಅವರ ಮನೆಗೆ ಒಯ್ದೆ. ಬೇಲಿಯ ಬಳಿ ನಿಂತು ತಿನ್ನುತ್ತ ಅವರು ಹೇಳಿದ್ದು, ನಮ್ಮ ಜಾಗದ ಮೌಕಾ ಮೂಲೆಯಲ್ಲಿ ಎರಡು ಆಲ್ಬಿಜಿಯಾ ಸಸಿಗಳು ಎದ್ದಿವೆ, ಕೈಯಲ್ಲಿ ಕೀಳಲು ಬರುವಾಗಲೇ ಕಿತ್ತುಬಿಡಿ ಎಂದು. ಅದೇ ಸಂಜೆ ಹೋಗಿ ಕಿತ್ತೆವು.