ಅಟ್ಟಕ್ಕೆ ಸೆಲ್ಯುಲೋಸ್ ಊದಿದ ಬಗೆ: ನನ್ನ ಅನುಭವ

ಸೆಲ್ಯುಲೋಸ್ ಎಂದರೆ ಕಾಗದದ ಚೂರಿನಿಂದ ಮಾಡಿದ, ಶಾಖ ಹಾಯದಂತೆ ತಡೆಯಲು ಅಟ್ಟದ ನೆಲದ ಮೇಲೆ ಹೋಸ್‌ನಿಂದ ಊದಿ ತುಂಬುವ ಸರಕು. ಊದುವ ಯಂತ್ರ ಮನೆಗೆ ಬರುವಷ್ಟರಲ್ಲಿ ಮುಕ್ಕಾಲು ಕೆಲಸ ಮುಗಿದಿರಬೇಕು. ಒಂದಡಿ ದಪ್ಪಕ್ಕೆ ಸೆಲ್ಯುಲೋಸ್ ತುಂಬಿದ ಮೇಲೆ ಅಡಿಯಲ್ಲಿರುವ ತೂತು ಹುಡುಕುವುದು ಆಗದ ಮಾತು. ಅದಕ್ಕೇ ವೈರು, ಪೈಪು ಹಾದುಹೋಗುವ ಕಂಡಿಗಳನ್ನೂ ಒಳಗೋಡೆಗಳ ನೆತ್ತಿಯ ಸಂದುಗಳನ್ನೂ ಮೊದಲು ಫೋಮ್ ಹೊಡೆದು ಮುಚ್ಚಿದೆ. ಹೊಗೆ ಕೊಳವೆಯ ಹತ್ತಿರ ಮಾತ್ರ ಫೋಮ್ ಬೇಡ. ಅಲ್ಲಿ ತಗಡು ಮತ್ತು ಶಾಖ ತಾಳುವ ಸೀಲೆಂಟ್. ಕೊಳವೆಗೆ ಹೇಳಿರುವಷ್ಟು ಅಂತರ ಬಿಟ್ಟು ಸುತ್ತ ತಗಡಿನ ಬಳೆ ನಿಲ್ಲಿಸಿದೆ. ಬೆಂಕಿ ತಡೆಯುವ ಬೋರೇಟ್ ಲವಣ ಬೆರೆಸಿದ್ದರೂ ಈ ಸೆಲ್ಯುಲೋಸ್ ಕಾಗದವೇ. ಸದಾ ಬಿಸಿಯಾಗುವ ಲೋಹಕ್ಕೆ ತಾಗಿದರೆ ಒಳಗೊಳಗೇ ಹೊಗೆಯಾಡೀತು.

ಸೂರಿನಿಂದ ಬರುವ ಗಾಳಿಯ ದಾರಿ ಮುಚ್ಚಿಹೋಗದಂತೆ ರಾಫ್ಟರ್‌ಗಳ (ಛಾವಣಿಯ ಇಳಿಜಾರು ಮರಗಳ) ನಡುವೆ ಬ್ಯಾಫಲ್, ಅಂದರೆ ಸರಕನ್ನು ತಡೆದು ಗಾಳಿಗೆ ದಾರಿ ಬಿಡುವ ಹಾಳೆ, ಹೊಡೆದೆ. ಅಟ್ಟಕ್ಕೆ ಹತ್ತುವ ಬಾಯಿಯಿಂದ ಸರಕು ಕೆಳಗೆ ಸುರಿಯದಂತೆ ಸುತ್ತ ಪ್ಲೈವುಡ್ ಕಟ್ಟೆ. ಬಚ್ಚಲಮನೆಯ ಫ್ಯಾನಿನ ಡಕ್ಟ್ ಅಟ್ಟದೊಳಗೇ ಕೊನೆಯಾಗಿದ್ದರೆ ಈಗಲೇ ಹೊರಗೆ ಒಯ್ಯಿರಿ, ಇಲ್ಲದಿದ್ದರೆ ಆವಿಗೆ ಕಾಗದ ತೊಯ್ಯುತ್ತದೆ.

ಲೆಕ್ಕ ಹೀಗೆ: 100 ಚದರ ಮೀಟರ್ ಅಟ್ಟ, ಕುಸಿದು ನಿಂತ ಮೇಲೆ 30 ಸೆಂ.ಮೀ. ದಪ್ಪ, ಘನ ಮೀಟರಿಗೆ ಸುಮಾರು 26 ಕೆ.ಜಿ. ಅಂದರೆ 780 ಕೆ.ಜಿ.; 11.5 ಕೆ.ಜಿ.ಯ ಚೀಲವಾದರೆ 68. ಕೊನೆಯ ಮಾತು ಚೀಲದ ಮೇಲಿನ ಕೋಷ್ಟಕದ್ದೇ. ಊದುವಾಗಿನ ದಪ್ಪ ಇದಕ್ಕಿಂತ ಹೆಚ್ಚಿರಬೇಕು, ಅದೂ ಕೋಷ್ಟಕದಲ್ಲಿರುತ್ತದೆ. ಆ ಎತ್ತರಕ್ಕೆ ಗುರುತು ಹಾಕಿದ ಅಳತೆ ಕಡ್ಡಿಗಳನ್ನು ಜಂತೆಗಳಿಗೆ ಅಲ್ಲಲ್ಲಿ ಸ್ಟೇಪಲ್ ಮಾಡಿ.

ಊದಲು ಇಬ್ಬರು ಬೇಕು. ಕೆಳಗಿನವರು ಗಟ್ಟಿ ಇಟ್ಟಿಗೆಯಂತಿರುವ ಸರಕನ್ನು ಕೈಯಲ್ಲೇ ಒಡೆದು ಹಾಪರಿಗೆ (ಯಂತ್ರದ ಸರಕು ತುಂಬುವ ತೊಟ್ಟಿಗೆ) ಹಾಕುತ್ತಿರಬೇಕು. ಇಡಿಯಾಗಿ ತುರುಕಿದರೆ ಹೋಸ್ ಕಟ್ಟಿಕೊಳ್ಳುವುದು ಖಂಡಿತ. ಮೇಲಿನವರು ದೂರದ ಮೂಲೆಯಿಂದ ಶುರುಮಾಡಿ, ಜಂತೆಯ ಮೇಲೆಯೇ ಕಾಲಿಡುತ್ತಾ ಬಾಯಿಯತ್ತ ಹಿಂದೆ ಸರಿಯಬೇಕು. ಎನ್95 ಮಾಸ್ಕ್, ಕನ್ನಡಕ ಇಬ್ಬರಿಗೂ ಬೇಕು. ಹಾಪರಿನ ಬಳಿ ಧೂಳೇನೂ ಕಡಿಮೆಯಿಲ್ಲ.

ಹೆಚ್ಚಿನವರು ಎಡವುವುದು ಯಂತ್ರದ ಗಾಳಿಯ ಹಿಡಿತದಲ್ಲಿ. ಗಾಳಿ ಹೆಚ್ಚಾಗಿ ಸರಕು ಕಡಿಮೆಯಾದರೆ ಹತ್ತಿಯಂತೆ ಉಬ್ಬಿ ಕಡ್ಡಿಯ ಗುರುತು ಬೇಗ ಮುಟ್ಟುತ್ತದೆ, ನೋಡಲು ಚೆಂದ, ಆಮೇಲೆ ಕುಸಿಯುತ್ತದೆ. ಗಾಳಿ ತೀರಾ ಕಡಿಮೆಯಾದರೆ ಹೋಸ್ ಕಟ್ಟುತ್ತದೆ. ಕಟ್ಟದಷ್ಟೇ ಗಾಳಿ ಇಟ್ಟು, ಅರ್ಧ ಅಟ್ಟ ಮುಗಿದಾಗ ಖಾಲಿ ಚೀಲ ಎಣಿಸಿ. ಅರ್ಧದಷ್ಟು ಖಾಲಿಯಾಗಿಲ್ಲವೆಂದರೆ ಗಾಳಿ ತಗ್ಗಿಸಿ, ಹಿಂದಿನ ಭಾಗದ ಮೇಲೆ ಇನ್ನೊಂದು ಸುತ್ತು ಊದಿ. ಕಡ್ಡಿಯ ಗುರುತು ದಾಟಿದರೂ ಸರಿ, ಲೆಕ್ಕದ ಚೀಲಗಳೆಲ್ಲ ಮೇಲೆ ಹೋಗಲೇಬೇಕು.