ಮಲೆನಾಡಿನ ಮನೆಗೆ ಸೌದೆ ಒಲೆ: ಕೂರಿಸುವುದು ಹೇಗೆ, ಉರಿಸುವುದು ಹೇಗೆ?

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ತೇವದ ಜೊತೆ ಬದುಕುವುದು ಸುಲಭವಲ್ಲ. ಹಾಸಿಗೆ ತಣ್ಣಗಿರುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಒಗೆದ ಬಟ್ಟೆ ಒಣಗುವುದೇ ಇಲ್ಲ. ಮಳೆ ಮುಗಿಯಿತು ಅನ್ನುವಷ್ಟರಲ್ಲಿ ಡಿಸೆಂಬರ್ ಚಳಿ ಬಂದಿರುತ್ತದೆ. ಹಾಗಾಗಿ ಹಜಾರಕ್ಕೊಂದು ಬಾಗಿಲಿರುವ ಕಬ್ಬಿಣದ ಸೌದೆ ಒಲೆ ಕೂರಿಸೋಣ ಅನ್ನಿಸುವುದು ಸಹಜ. ತೋಟದಲ್ಲಿ ಸೌದೆ ಇದೆ, ಕರೆಂಟ್ ಹೋದರೂ ಚಿಂತೆಯಿಲ್ಲ. ಒಳ್ಳೆಯ ಯೋಚನೆಯೇ. ಆದರೆ ಎಲ್ಲರೂ ಮೊದಲು ಒಲೆ ಹುಡುಕಲು ಹೊರಡುತ್ತಾರೆ. ಮೊದಲು ನೋಡಬೇಕಾದ್ದು ಸೌದೆ. ಎರಡನೆಯದು ಹೊಗೆ ಕೊಳವೆ. ಒಲೆ ಆಮೇಲೆ.

ಈ ವರ್ಷದ ಸೌದೆ ಮುಂದಿನ ಮಳೆಗೆ

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರಗಸಿ ಮಾಡುತ್ತಾರೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುತ್ತಾರೆ. ಸಿಲ್ವರ್ ಓಕ್ ಕೊಂಬೆಗಳು ರಾಶಿ ರಾಶಿ ಬೀಳುತ್ತವೆ. ಅದನ್ನೇ ಕಡಿದು ಆರಿದ್ರಾ ಮಳೆಗೆ ಉರಿಸಿದರೆ ಆಯಿತು ಅಂದುಕೊಂಡರೆ ಎಡವಟ್ಟು ಅಲ್ಲೇ ಶುರು. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಹತ್ತು ಕಿಲೋ ಹಸಿ ಸೌದೆ ಒಲೆಗೆ ಹಾಕಿದರೆ ನಾಲ್ಕೈದು ಲೀಟರ್ ನೀರು ಸುರಿದಂತೆ. ಬೆಂಕಿಯ ಶಕ್ತಿಯಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಬೆಂಕಿಯೂ ಸರಿಯಾಗಿ ಕಾಯುವುದಿಲ್ಲ. ಮನೆಗೆ ಸಿಗುವ ಕಾವು ಕಡಿಮೆ, ಹೊಗೆ ಜಾಸ್ತಿ.

ಚೆನ್ನಾಗಿ ಉರಿಯಬೇಕಾದರೆ ಸೌದೆಯಲ್ಲಿ ತೇವಾಂಶ ಶೇ 20ಕ್ಕಿಂತ ಕಡಿಮೆ ಇರಬೇಕು. ಮೇ ತಿಂಗಳಲ್ಲಿ ಕಡಿದದ್ದು ಅದೇ ಜೂನ್‌ಗೆ ಅಲ್ಲಿಗೆ ಬರುವುದಿಲ್ಲ. ಅದಕ್ಕೆ ಒಂದು ಪೂರ್ತಿ ಬೇಸಿಗೆ ಸಿಗಬೇಕು. ಅಂದರೆ ಈ ಮರಗಸಿಯ ಸೌದೆ ಮುಂದಿನ ವರ್ಷದ ಮಳೆಗೆ. ಒಲೆಗೆ ದುಡ್ಡು ಕೊಡುವ ಮೊದಲು ಒಂದು ವರ್ಷದ ಒಣ ಸೌದೆ ಕೊಟ್ಟಿಗೆಯಲ್ಲಿ ಇದೆಯಾ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಈ ವರ್ಷ ಸೌದೆ ಕೂಡಿಡಿ, ಒಲೆ ಮುಂದಿನ ವರ್ಷ ತನ್ನಿ. ಈ ಮಾತು ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ನಾನು ಇದನ್ನೇ ಹೇಳುತ್ತೇನೆ.

ಒಣಗಿಸುವ ಕ್ರಮ ಹೀಗೆ. ಒಲೆಯ ಬಾಯಿಗೆ ಹೊಂದುವಂತೆ, ಸುಮಾರು ಒಂದಡಿ ಉದ್ದಕ್ಕೆ ಕೊಯ್ಯಿಸಿ. ದಪ್ಪ ತುಂಡುಗಳನ್ನು ಸೀಳಿಸಿ. ಸೀಳದ ಮರ ತೊಗಟೆಯೊಳಗೇ ನೀರು ಹಿಡಿದುಕೊಂಡಿರುತ್ತದೆ, ಸೀಳು ನಾಲ್ಕೈದು ಇಂಚು ದಪ್ಪ ಇದ್ದರೆ ಸಾಕು. ಕಾಫಿ ಒಣಗಿಸುವುದು ಮುಗಿದ ಮೇಲೆ ಕಣ ಖಾಲಿ ಇರುತ್ತದಲ್ಲ, ಆಗ ಸೀಳನ್ನು ಅಲ್ಲಿ ಹರಡಿ. ಬೇಸಿಗೆಯ ಬಿಸಿಲಿಗೆ ಕಾದ ಕಣಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದರೆ ಟಾರ್ಪಾಲಿನ್ ಎಳೆಯಿರಿ. ಆಮೇಲೆ ನೆಲದಿಂದ ಅರ್ಧ ಅಡಿ ಮೇಲೆ, ಕಲ್ಲು ಅಥವಾ ಗಳುಗಳ ಮೇಲೆ ಒಟ್ಟಿ. ಮೇಲೆ ಮಾಡು (ಛಾವಣಿ) ಇರಲಿ, ಪಕ್ಕಗಳು ತೆರೆದಿರಲಿ. ಸುತ್ತಲೂ ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿದು ಸೌದೆ ಕೊಳೆಯುತ್ತದೆ. ಮನೆಯ ಗೋಡೆಗೆ ತಾಗಿಸಿ ಒಟ್ಟಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟ ಹಾಗೆ. ರಾಶಿಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಹಾವು, ಚೇಳು ಅಲ್ಲಿ ಇರುವುದು ಹೊಸದೇನಲ್ಲ.

ಒಣಗಿದೆಯಾ ಅಂತ ತಿಳಿಯಲು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯಿರಿ. ಒಣ ಸೌದೆ ಟಣ್ ಅನ್ನುತ್ತದೆ, ಹಸಿಯದ್ದು ಮಂಕಾಗಿ ದಬ್ ಅನ್ನುತ್ತದೆ. ಕೊನೆಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಸುಲಭವಾಗಿ ಬಿಡಬೇಕು. ತೇವಾಂಶ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಅದನ್ನು ಹೊರಮೈಗೆ ಚುಚ್ಚಬೇಡಿ. ತುಂಡನ್ನು ಸೀಳಿ, ಹೊಸ ಮುಖಕ್ಕೆ ಚುಚ್ಚಿ ನೋಡಿ.

ಸಿಲ್ವರ್ ಓಕ್ ಬೇಗ ಹತ್ತಿಕೊಳ್ಳುತ್ತದೆ, ಬೇಗ ಮುಗಿಯುತ್ತದೆ. ಗಾಳಿಮರ, ಅಕೇಶಿಯಾ, ಹಳೆಯ ಕಾಫಿ ಗಿಡದ ಬೊಡ್ಡೆ ಇವು ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಎರಡೂ ಬೇಕು. ಹೊಳಗೇರು ಅನ್ನುವ ಕಾಡುಮರದ ಹತ್ತಿರ ಹೋಗಬೇಡಿ, ಅದರ ಸೊನೆ ಮೈ ಸುಡುತ್ತದೆ, ಹೊಗೆಯೂ ಒಳ್ಳೆಯದಲ್ಲ. ಬಣ್ಣ ಹಚ್ಚಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಖಂಡಿತ ಬೇಡ. ಸ್ವಂತ ಜಮೀನಿನಲ್ಲೇ ಇದ್ದರೂ ಕಾಡುಮರ ಕಡಿಯುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಯಾವ ಒಲೆ?

ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ ಗೋಡೆಯೊಳಗಿನ ತೆರೆದ ಬೆಂಕಿಗೂಡು ನೋಡಿರುತ್ತೀರಿ. ನೋಡಲು ಚೆಂದ. ಆದರೆ ಕಾವಿನ ಬಹುಪಾಲು ಹೊಗೆಯ ಜೊತೆ ಮೇಲೆ ಹೋಗುತ್ತದೆ. ಬಾಗಿಲಿರುವ ಒಲೆಯಲ್ಲಿ ಗಾಳಿ ಎಷ್ಟು ಒಳಗೆ ಹೋಗಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಹಾಗಾಗಿ ಅದೇ ಸೌದೆಗೆ ಎಷ್ಟೋ ಪಟ್ಟು ಜಾಸ್ತಿ ಕಾವು.

ದೊಡ್ಡ ಒಲೆ ತರಬೇಡಿ. ನಮ್ಮ ಚಳಿಗೆ ಸಾಧಾರಣ ಹಜಾರಕ್ಕೆ ನಾಲ್ಕೈದು ಕಿಲೋವ್ಯಾಟ್‌ನ ಸಣ್ಣ ಒಲೆ ಸಾಕು. ದೊಡ್ಡದಾದರೆ ಸೆಖೆ ತಡೆಯಲಾರದೆ ಗಾಳಿ ಮುಚ್ಚುತ್ತೀರಿ. ಗಾಳಿ ಮುಚ್ಚಿದರೆ ಬೆಂಕಿ ಹೊಗೆಯಾಡುತ್ತದೆ. ಊರಿನ ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸುವುದಾದರೆ ದಪ್ಪ ತಗಡು, ಒಳಗೆ ಬೆಂಕಿ ಇಟ್ಟಿಗೆ, ಬಾಗಿಲಿನ ಸುತ್ತ ಶಾಖ ತಡೆಯುವ ಹಗ್ಗದ ಬಿಗಿ, ಕೆಳಗೊಂದು ಮೇಲೊಂದು ಗಾಳಿ ಕಿಂಡಿ ಇರಲೇಬೇಕು. ಮೇಲಿನ ಗಾಳಿ ಹೊಗೆಯನ್ನೇ ಮತ್ತೆ ಉರಿಸುತ್ತದೆ, ಗಾಜನ್ನೂ ಮಸಿಯಿಂದ ಕಾಯುತ್ತದೆ.

ಬೇಕಿರುವುದು ಅಡುಗೆಗೆ ಅಂದರೆ ಹಜಾರದ ಒಲೆ ಬೇಡ. ಅದಕ್ಕೆ ಅಸ್ತ್ರ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ (ASTRA) ವಿಭಾಗ ರೂಪಿಸಿದ್ದು. ಮೂರು ಪಾತ್ರೆ ಕೂರುವ, ಜಾಲರಿ ಮತ್ತು ಹೊಗೆ ಕೊಳವೆ ಇರುವ ಒಲೆ. ನಮ್ಮ ಅಡುಗೆಮನೆಗೆ ಅಳೆದು ಮಾಡಿದ್ದು ಅದು.

ಜಾಗ ಮತ್ತು ಅಂತರ

ಒಲೆ ಹಗುರದ್ದಲ್ಲ, ಬೀಡು ಕಬ್ಬಿಣದ್ದಾದರೆ ನೂರು ಕಿಲೋ ದಾಟಬಹುದು. ಕಡಪ ಕಲ್ಲು ಅಥವಾ ಗ್ರಾನೈಟ್ ಚಪ್ಪಡಿ ಹಾಕಿ ಅದರ ಮೇಲೆ ಕೂರಿಸಿ. ರೆಡ್ ಆಕ್ಸೈಡ್ ನೆಲ ಬೆಂಕಿಗೆ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಕಾವಿಗೆ ಬಿರುಕು ಬಿಡುತ್ತದೆ. ಚಪ್ಪಡಿ ಒಲೆಯ ಬಾಗಿಲಿನ ಮುಂದೆ ಒಂದೂವರೆ ಅಡಿಯಾದರೂ ಚಾಚಿರಲಿ. ಕೆಂಡ ಸಿಡಿದು ಬೀಳುವುದು ಅಲ್ಲೇ. ಮರದ ಅಟ್ಟದ ಮೇಲೆ ಒಲೆ ಬೇಡವೇ ಬೇಡ.

ಮರದ ಕಂಬ, ಮರದ ಹಲಗೆ, ಪರದೆ, ಸೋಫಾ ಎಲ್ಲವೂ ಒಲೆಯಿಂದ ಮೂರಡಿ ದೂರ ಇರಬೇಕು. ಕಂಪನಿಯ ಒಲೆಯಾದರೆ ಅದರ ಪುಸ್ತಕದಲ್ಲಿ ಬರೆದ ಅಂತರವನ್ನೇ ಪಾಲಿಸಿ. ಜಾಗ ಕಡಿಮೆ ಇದ್ದರೆ ಗೋಡೆಯಿಂದ ಒಂದಿಂಚು ಬಿಟ್ಟು ತಗಡಿನ ತಡೆ ನಿಲ್ಲಿಸಬಹುದು. ಆ ತಗಡಿನ ಹಿಂದೆ ಕೆಳಗಿನಿಂದ ಮೇಲಕ್ಕೆ ಗಾಳಿ ಆಡಬೇಕು. ಗೋಡೆಗೇ ಅಂಟಿಸಿದ ತಗಡು ಏನೂ ತಡೆಯುವುದಿಲ್ಲ.

ಹೊಗೆ ಕೊಳವೆ: ಇಲ್ಲಿ ಕಂಜೂಸಿ ಬೇಡ

ಒಲೆ ಉರಿಯುವುದು ಕೊಳವೆಯ ಎಳೆತದಿಂದ. ಬಿಸಿ ಹೊಗೆ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಹೊಸ ಗಾಳಿ ಒಲೆಯೊಳಗೆ ಬರುತ್ತದೆ. ಕೊಳವೆ ಗಿಡ್ಡವಾದರೆ, ತಣ್ಣಗಾದರೆ, ಅಂಕುಡೊಂಕಾದರೆ ಎಳೆತವಿಲ್ಲ. ಒಲೆಯಿಂದ ತುದಿಯವರೆಗೆ 15 ಅಡಿ ಸಿಕ್ಕರೆ ಒಳ್ಳೆಯದು. ಆದಷ್ಟು ನೇರವಾಗಿ ಹೋಗಲಿ. ಒಲೆಯಿಂದ ಹೊಗೆ ಹೊರಬರುವ ಬಾಯಿ ಆರಿಂಚಿನದ್ದಾದರೆ ಕೊಳವೆಯೂ ಆರಿಂಚು, ಎಲ್ಲೂ ಕಿರಿದಾಗಬಾರದು.

ಅಂಗಡಿಯಲ್ಲಿ ಜಿಐ ಪೈಪ್ ಕೊಡುತ್ತಾರೆ. ಬೇಡ. ಸತುವಿನ ಲೇಪ ಕಾದರೆ ಕೆಟ್ಟ ಹೊಗೆ ಬಿಡುತ್ತದೆ. ಹಳೆಯ ಬಚ್ಚಲ ಒಲೆಗಳಿಗೆ ಹಾಕುತ್ತಿದ್ದ ಕಲ್ನಾರಿನ (ಆಸ್ಬೆಸ್ಟಾಸ್) ಪೈಪೂ ಬೇಡ. ಅದು ಕಾವಿಗೆ ಸೀಳುತ್ತದೆ, ಅದರ ನಾರು ಶ್ವಾಸಕೋಶಕ್ಕೆ ಅಪಾಯ. ಕೋಣೆಯೊಳಗೆ ಕಪ್ಪು ಉಕ್ಕು ಅಥವಾ ಸ್ಟೇನ್‌ಲೆಸ್ ಸ್ಟೀಲ್. ಮಾಡು ದಾಟುವಲ್ಲಿ ಮತ್ತು ಹೊರಗೆ, ನಡುವೆ ಶಾಖನಿರೋಧಕ ತುಂಬಿದ ಎರಡು ಪದರದ ಕೊಳವೆ. ನಮ್ಮ ಮಳೆಗೆ ಒಂದೇ ಪದರದ ಪೈಪ್ ಹೊರಗೆ ತಣ್ಣಗಾಗುತ್ತದೆ. ತಣ್ಣಗಾದ ಹೊಗೆ ಒಳಗೋಡೆಗೆ ಜೋನಿ ಬೆಲ್ಲದಂತೆ ಕಪ್ಪಗೆ ಅಂಟುತ್ತದೆ. ಆ ಡಾಂಬರು ಮುಂದೊಂದು ದಿನ ಬೆಂಕಿ ಹಿಡಿಯುತ್ತದೆ.

ಜೋಡಿಸುವಾಗ ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನೊಳಗೆ ಕೂರಬೇಕು. ಹೊಗೆ ಸೋರುತ್ತದೆಂದು ಕೆಲವರು ತಿರುಗಿಸಿ ಹಾಕುತ್ತಾರೆ, ಅದು ತಪ್ಪು. ಮೇಲಿನದು ಕೆಳಗಿನದರೊಳಗೆ ಕೂತರೆ ಇಳಿಯುವ ಡಾಂಬರು ಒಲೆಗೇ ಬಂದು ಉರಿದುಹೋಗುತ್ತದೆ, ಹೊರಗೆ ತೊಟ್ಟಿಕ್ಕುವುದಿಲ್ಲ. ಪ್ರತಿ ಜೋಡಣೆಗೆ ಮೂರು ಸ್ಕ್ರೂ.

ಹೆಂಚಿನ ಮನೆಯಲ್ಲಿ ಎಚ್ಚರ ಬೇಕಾದ್ದು ಹೆಂಚು ಹೊರುವ ಮರಗಳಾದ ರೀಪು, ಪಕಾಸಿಗೆ ಮತ್ತು ಅದರ ಕೆಳಗಿನ ಮರದ ಮುಚ್ಚಿಗೆಗೆ. ಒಂದು ಪದರದ ಪೈಪ್ ಮರದಿಂದ ಒಂದೂವರೆ ಅಡಿ ದೂರ ಇರಬೇಕು. ಅದನ್ನು ಮುಚ್ಚಿಗೆಯ ಮೂಲಕ ತೂರಿಸಲೇಬಾರದು. ಎರಡು ಪದರದ್ದಕ್ಕೆ ಕಂಪನಿ ಹೇಳಿದ ಅಂತರ ಸಾಕು. ಪಕಾಸಿ ಅಡ್ಡ ಬಂದರೆ ಅದನ್ನು ಕತ್ತರಿಸಿ ಪಕ್ಕಕ್ಕೆ ಚೌಕಟ್ಟು ಕೊಡುವುದನ್ನು ಬಡಗಿಗೆ ಬಿಡಿ. ಕೊಳವೆ ಹೊರಬರುವಲ್ಲಿ ಹಾಕುವ ತಗಡಿನ ಮೇಲಂಚು ಮೇಲಿನ ಹೆಂಚಿನ ಅಡಿಗೆ ಹೋಗಬೇಕು, ಕೆಳಂಚು ಕೆಳಗಿನ ಹೆಂಚಿನ ಮೇಲೆ ಬರಬೇಕು. ಇದು ತಿರುಗಿತೋ, ಪುಷ್ಯ ಮಳೆಯ ನೀರೆಲ್ಲ ಹಜಾರಕ್ಕೆ. ಆರ್‌ಸಿಸಿ ಮನೆಯಾದರೆ ಕೆಲಸ ಸುಲಭ. ಪೈಪಿಗಿಂತ ದೊಡ್ಡ ತೂತು ಕೊರೆಸಿ, ಸುತ್ತ ಶಾಖ ತಡೆಯುವ, ಬೆಂಕಿ ಹಿಡಿಯದ ಖನಿಜ ಉಣ್ಣೆ (ರಾಕ್‌ವೂಲ್) ತುಂಬಿಸಿ.

ತುದಿ ಎಷ್ಟು ಎತ್ತರ? ಮಾಡು ದಾಟಿದಲ್ಲಿಂದ ಕನಿಷ್ಠ ಮೂರಡಿ. ಜೊತೆಗೆ ಸುತ್ತ ಹತ್ತಡಿ ದೂರದೊಳಗಿನ ಮಾಡಿನ ಯಾವ ಭಾಗಕ್ಕಿಂತಲೂ ಎರಡಡಿ ಎತ್ತರ. ಇಲ್ಲದಿದ್ದರೆ ಗಾಳಿ ಮಾಡಿಗೆ ಬಡಿದು ಹೊಗೆಯನ್ನು ವಾಪಸ್ ತಳ್ಳುತ್ತದೆ. ಕೊಟ್ಟಿಗೆಹಾರದಂಥ ಕಡೆ ಮಳೆಯ ಜೊತೆ ಬರುವ ಗಾಳಿ ಗೊತ್ತಲ್ಲ, ಐದಡಿಗಿಂತ ಉದ್ದ ಮೇಲೆ ಬಂದರೆ ತಂತಿ ಬಿಗಿದು ಕಟ್ಟಿಸಿ. ತುದಿಗೆ ಮಳೆ ಟೋಪಿ ಮತ್ತು ಕಿಡಿ ತಡೆಯುವ ಜಾಲರಿ. ಮಾಡಿನ ಕೆಲಸವನ್ನೆಲ್ಲ ಜನವರಿ–ಏಪ್ರಿಲ್ ಒಳಗೆ ಮುಗಿಸಿ. ಪಾಚಿ ಹಿಡಿದ ಒದ್ದೆ ಹೆಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ.

ಉರಿಸಲು ಕಲಿಯುವುದು

ಹೊಸ ಒಲೆಗೆ ಮೊದಲ ಕೆಲವು ಸಲ ಸಣ್ಣ ಬೆಂಕಿ ಮಾತ್ರ. ಬಣ್ಣ ಸುಟ್ಟ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ.

ಪ್ರತಿ ಸಲ ಹೊತ್ತಿಸುವ ಮುಂಚೆ ಒಂದು ಊದುಬತ್ತಿ ಹಚ್ಚಿ ಒಲೆಯ ಬಾಯಿಗೆ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡರೆ ಸರಿ. ಈಚೆಗೆ ಬಂದರೆ ಕೊಳವೆ ತಣ್ಣಗಿದೆ ಅಂತ. ಮಳೆಗಾಲದಲ್ಲಿ ಇದು ಮಾಮೂಲಿ. ಒಂದು ಕಾಗದ ಹಚ್ಚಿ ಕೊಳವೆಯ ಬುಡದ ಹತ್ತಿರ ಹಿಡಿದರೆ ಎಳೆತ ಶುರುವಾಗುತ್ತದೆ.

ನಾವೆಲ್ಲ ಕೆಳಗೆ ತರಗು, ಮೇಲೆ ಸೌದೆ ಇಟ್ಟು ಊದುಗೊಳವೆಯಲ್ಲಿ ಊದಿ ಬೆಳೆದವರು. ಈ ಒಲೆಗೆ ಅದು ತಲೆಕೆಳಗು. ಕೆಳಗೆ ಎರಡು ದೊಡ್ಡ ಸೀಳು, ಅದರ ಮೇಲೆ ಹೆಬ್ಬೆರಳು ಗಾತ್ರದ ಕಡ್ಡಿಗಳು, ಅದರ ಮೇಲೆ ಸಣ್ಣ ಚಕ್ಕೆ, ತುತ್ತತುದಿಗೆ ಒಣ ಅಡಿಕೆ ಹಾಳೆ ಅಥವಾ ತೆಂಗಿನ ಗರಿ. ಬೆಂಕಿ ಹಚ್ಚುವುದು ಮೇಲೆ. ಸೀಮೆಎಣ್ಣೆ, ಪೆಟ್ರೋಲ್ ತರಬೇಡಿ. ಗಾಳಿ ಕಿಂಡಿ ಎರಡೂ ಪೂರ್ತಿ ತೆರೆದು, ಬಾಗಿಲನ್ನು ಒಂದು ಬೆರಳಿನಷ್ಟು ಬಿಟ್ಟು ಐದು ನಿಮಿಷ ಅಲ್ಲೇ ಕೂತಿರಿ. ಜ್ವಾಲೆ ಮೇಲಿರುವುದರಿಂದ ಕೊಳವೆ ಬೇಗ ಕಾಯುತ್ತದೆ, ಕೆಳಗಿನ ಸೌದೆಯ ಹೊಗೆ ಜ್ವಾಲೆಯ ಮೂಲಕವೇ ಹೋಗಿ ಉರಿದುಬಿಡುತ್ತದೆ. ಚೆನ್ನಾಗಿ ಹತ್ತಿಕೊಂಡ ಮೇಲೆ ಬಾಗಿಲು ಮುಚ್ಚಿ. ದೊಡ್ಡ ಸೀಳು ಕಪ್ಪಾಗಿ ಉರಿಯತೊಡಗಿದಾಗ ಕೆಳಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ.

ಇಪ್ಪತ್ತು ನಿಮಿಷದ ನಂತರ ಹೊರಗೆ ಹೋಗಿ ಕೊಳವೆಯ ತುದಿ ನೋಡಿ. ಏನೂ ಕಾಣದಿದ್ದರೆ ನೀವು ಕಲಿತಿರಿ ಅಂತ ಅರ್ಥ. ಬೆಳ್ಳಗೆ ಬಂದು ಕೂಡಲೇ ಕರಗಿದರೆ ಅದು ಆವಿ. ನೀಲಿ ಅಥವಾ ಬೂದು ಬಣ್ಣದಲ್ಲಿ ಎಳೆದುಕೊಂಡು ಹೋದರೆ ಅದು ಹೊಗೆ. ಸೌದೆ ಹಸಿ, ಇಲ್ಲವೇ ಗಾಳಿ ಕಡಿಮೆ.

ಜ್ವಾಲೆ ಇಳಿದು ಕೆಂಡ ಉಳಿದಾಗ ಕೆಂಡವನ್ನು ಮುಂದಕ್ಕೆ ಎಳೆದು ಒಂದೆರಡು ಸೀಳು ಹಾಕಿ. ಕೆಲವು ನಿಮಿಷ ಗಾಳಿ ಪೂರ್ತಿ ತೆರೆದು ಮತ್ತೆ ಇಳಿಸಿ. ಬಚ್ಚಲ ಒಲೆಗೆ ಉದ್ದನೆ ಕೊರಡು ತುರುಕಿ ರಾತ್ರಿಯಿಡೀ ಹೊಗೆಯಾಡಲು ಬಿಡುವ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಡಾಂಬರು ಜಾಸ್ತಿ ಕಟ್ಟುವುದು ಅದರಿಂದಲೇ. ಮಲಗುವ ಹೊತ್ತಿಗೆ ಬೆಂಕಿ ತಾನಾಗಿ ಮುಗಿಯಲಿ.

ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಬೇಡಿ. ಮಳೆಗಾಲದಲ್ಲಿ ಇದು ಎಲ್ಲರಿಗೂ ಬರುವ ಆಸೆ. ಹಗ್ಗ ಜಾರಿದರೆ ಮುಗಿಯಿತು. ಸ್ಟ್ಯಾಂಡ್ ಮೂರಡಿ ಆಚೆ ಇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸುತ್ತ ಕಬ್ಬಿಣದ ಕಟಾಂಜನ ಬೇಕೇ ಬೇಕು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಲೆಯ ಜೊತೆಗೇ ಕೊಳ್ಳಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ಎಲ್ಲರೂ ಹೊರಗೆ ಬಂದುಬಿಡಿ. ಚಳಿಯೆಂದು ಮನೆಯ ಸಂದುಗಳನ್ನೆಲ್ಲ ಮುಚ್ಚಬೇಡಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುವಾಗ ಒಂದು ಕಿಟಕಿ ತೆರೆದಿರಲಿ. ಇಲ್ಲದಿದ್ದರೆ ಅದು ಒಲೆಯ ಹೊಗೆಯನ್ನೇ ಮನೆಯೊಳಗೆ ಎಳೆಯುತ್ತದೆ.

ಕೊಳವೆಯೊಳಗೆ ಭೋರೆಂಬ ಸದ್ದು, ತುದಿಯಿಂದ ಕಿಡಿ ಬಂದರೆ ಡಾಂಬರಿಗೆ ಬೆಂಕಿ ಬಿದ್ದಿದೆ ಅಂತ. ಬಾಗಿಲು, ಗಾಳಿ ಕಿಂಡಿ ಎಲ್ಲ ಮುಚ್ಚಿ, ಮನೆಯವರೆಲ್ಲ ಹೊರಗೆ ಬಂದು 112ಕ್ಕೆ ಕರೆ ಮಾಡಿ. ಒಲೆಗೆ ನೀರು ಸುರಿಯಬೇಡಿ, ಕಾದ ಕಬ್ಬಿಣ ಸೀಳುತ್ತದೆ, ಬಿಸಿ ಆವಿ ಮುಖಕ್ಕೆ ಹೊಡೆಯುತ್ತದೆ. ಕೊಳವೆಯನ್ನು ಪೂರ್ತಿ ಪರೀಕ್ಷೆ ಮಾಡಿಸುವವರೆಗೆ ಮತ್ತೆ ಬೆಂಕಿ ಹಾಕಬೇಡಿ.

ಬೂದಿ, ಮಸಿ

ಒಲೆಯ ತಳದಲ್ಲಿ ಒಂದಿಂಚು ಬೂದಿ ಇದ್ದರೆ ಒಳ್ಳೆಯದೇ, ಕೆಂಡ ನಿಲ್ಲುತ್ತದೆ. ಉಳಿದದ್ದನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್‌ಗೆ ತೆಗೆದು ಹೊರಗೆ ಕಲ್ಲಿನ ಮೇಲಿಡಿ. ಬೂದಿಯೊಳಗಿನ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್, ಗೋಣಿಚೀಲ ಬೇಡ. ಪೂರ್ತಿ ಆರಿದ ಮೇಲೆ ತೋಟಕ್ಕೆ ತೆಳುವಾಗಿ ಎರಚಿ. ಅದರಲ್ಲಿ ಸುಣ್ಣ, ಪೊಟ್ಯಾಷ್ ಇದೆ, ನಮ್ಮ ಹುಳಿ ಮಣ್ಣಿಗೆ ಒಗ್ಗುತ್ತದೆ. ಗಾಜಿಗೆ ಮಸಿ ಹಿಡಿದರೆ ಒದ್ದೆ ಕಾಗದಕ್ಕೆ ಅದೇ ಬೂದಿ ಸ್ವಲ್ಪ ಹಚ್ಚಿ ಒರೆಸಿ.

ಕೊಳವೆಗೆ ಬ್ರಷ್ ಹಾಕಿಸುವುದು ವರ್ಷಕ್ಕೆ ಎರಡು ಸಲ: ಮಳೆಗೆ ಮುಂಚೆ, ಮಳೆ ಕಳೆದು ಚಳಿ ಶುರುವಾಗುವ ಮುಂಚೆ. ಮಸಿ ಮೂರು ಮಿಲಿಮೀಟರ್ ದಪ್ಪ ಕಂಡರೆ ಕಾಯಬೇಡಿ. ಬೇಸಿಗೆಯಲ್ಲಿ ಸುಮ್ನೆ ಬಿಟ್ಟ ಕೊಳವೆಯಲ್ಲಿ ಜೇನು ಕಟ್ಟುತ್ತದೆ, ಹಕ್ಕಿ ಗೂಡು ಮಾಡುತ್ತದೆ. ಮೃಗಶಿರ ಮಳೆಗೆ ಮೊದಲ ಬೆಂಕಿ ಹಾಕುವ ಮುಂಚೆ ಟಾರ್ಚ್ ಬಿಟ್ಟು ನೋಡಿ. ಆಗಲೇ ಬಾಗಿಲಿನ ಬಿಗಿಯನ್ನೂ ನೋಡಿಬಿಡಿ. ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಈಚೆ ಬಂದರೆ ಸುತ್ತಲಿನ ಹಗ್ಗ ಸವೆದಿದೆ, ಹೊಸದು ಹಾಕಿಸಿ.