ಕಥೆ ವಾಪಸ್ ಬಂದ ಮೇಲೆ

ಮೊದಲ ಕಥೆ ವಾಪಸ್ ಬಂದಾಗ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಎರಡನೆಯದು ಬಂದಾಗಲೂ ತಡೆದುಕೊಂಡೆ. ಏಳನೆಯ ವಿಷಾದ ಪತ್ರ ಬಂದ ದಿನ ಮಾತ್ರ ಕಂಪ್ಯೂಟರ್ ಮುಚ್ಚಿಟ್ಟು ತುಂಬ ಹೊತ್ತು ಗೋಡೆ ನೋಡುತ್ತಾ ಕೂತುಬಿಟ್ಟೆ. ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ಕಥೆ ಕಳಿಸಿದ್ದಕ್ಕೆ ಧನ್ಯವಾದ, ಪ್ರಕಟಣೆಗೆ ಆಯ್ಕೆಯಾಗಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ. ಆ ಎರಡು ಸಾಲನ್ನು ಇಪ್ಪತ್ತು ಸಲವಾದರೂ ಓದಿರಬೇಕು. ಅಲ್ಲಿ ಇಲ್ಲದ್ದನ್ನೆಲ್ಲ ಓದಿಕೊಂಡೆ. ನಿನಗೆ ಬರೆಯೋಕೆ ಬರಲ್ಲ. ನಿನ್ನ ವಯಸ್ಸಿನವರು ಆಗಲೇ ಎರಡು ಪುಸ್ತಕ ತಂದಿದ್ದಾರೆ. ಇನ್ನು ಸಾಕು ಬಿಡು. ಇದ್ಯಾವುದನ್ನೂ ಸಂಪಾದಕರು ಬರೆದಿರಲಿಲ್ಲ.

ಮುಂದಿನ ನಾಲ್ಕು ತಿಂಗಳು ಒಂದಕ್ಷರವೂ ಬರೆಯಲಿಲ್ಲ. ಯಾರಾದರೂ ಕೇಳಿದರೆ ಕೆಲಸ ಜಾಸ್ತಿ ಅನ್ನುತ್ತಿದ್ದೆ. ನಿಜವಾದ ಕಾರಣ ಭಯ. ಹೊಸ ಕಥೆಯ ಮೊದಲ ವಾಕ್ಯ ಬರೆದ ಕೂಡಲೇ ಅದನ್ನು ಬೇಡವೆನ್ನುವ ಪತ್ರವೂ ಮನಸ್ಸಿನಲ್ಲೇ ತಯಾರಾಗಿಬಿಡುತ್ತಿತ್ತು. ಎರಡನೇ ವಾಕ್ಯಕ್ಕೆ ಕೈ ಏಳುತ್ತಿರಲಿಲ್ಲ.

ಇದರಿಂದ ಹೊರಗೆ ಬಂದದ್ದು ಒಂದು ಪ್ರಶ್ನೆಯಿಂದ. ಗೆಳತಿಯೊಬ್ಬಳು ಸ್ವಲ್ಪ ಕಾಲ ಒಂದು ಪತ್ರಿಕೆಗೆ ಬಂದ ಕಥೆಗಳನ್ನು ಓದಿ ಆರಿಸುವ ಕೆಲಸ ಮಾಡಿದ್ದಳು. ನನ್ನ ಅಳಲನ್ನೆಲ್ಲ ಕೇಳಿಸಿಕೊಂಡಳು. ಸಮಾಧಾನದ ಮಾತು ಆಡಲಿಲ್ಲ. 'ನಿನ್ನ ಕಥೇನ ಎಷ್ಟನೇ ಪುಟದಲ್ಲಿ ಓದೋದು ನಿಲ್ಲಿಸಿರಬಹುದು ಅಂತ ಯೋಚನೆ ಮಾಡಿದ್ದೀಯಾ?' ಅಂತ ಕೇಳಿದಳು. ಆಮೇಲೆ ಅಲ್ಲಿನ ಕೆಲಸ ಹೇಗೆ ನಡೆಯುತ್ತದೆ ಅಂತ ವಿವರಿಸಿದಳು. ಜಾಗ ಇರುವುದು ಒಂದೋ ಎರಡೋ ಕಥೆಗೆ. ಓದಲು ಕಾದಿರುವುದು ದೊಡ್ಡ ರಾಶಿ. ಚೆನ್ನಾಗಿರುವ ಕಥೆಯೂ ಆ ಸಲ ಉಳಿದಿರುವ ಜಾಗಕ್ಕೆ ಉದ್ದ ಜಾಸ್ತಿಯಾಯಿತು ಅಂತ ಹೋಗುತ್ತದೆ. ಅದೇ ವಸ್ತುವಿನ ಕಥೆಯನ್ನು ಹೋದ ತಿಂಗಳಷ್ಟೇ ಹಾಕಿದ್ದೇವೆ ಅಂತಲೂ ಹೋಗುತ್ತದೆ. ಇನ್ನು ಕೆಲವು ಕಥೆಗಳಲ್ಲಿ ಓದುಗರ ಕೈ ಯಾವುದೋ ಒಂದು ಪುಟದಲ್ಲಿ ಸೋಲುತ್ತದೆ. ಮೊದಲ ಎರಡು ಕಾರಣ ನನ್ನ ಕೈಯಲ್ಲಿಲ್ಲ. ಆದರೆ ಆ ಪುಟ ಯಾವುದು ಅಂತ ನಾನೇ ಹುಡುಕಬಹುದಲ್ವಾ?

ಅವತ್ತು ರಾತ್ರಿಯೇ ವಾಪಸ್ ಬಂದ ಕಥೆಗಳಲ್ಲಿ ಒಂದನ್ನು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಗಟ್ಟಿಯಾಗಿ ಓದಲು ಕೂತೆ. ಕಿವಿ ಮಂದವಾದ ಒಬ್ಬ ಮುದುಕನಿಗೆ ಹನ್ನೆರಡು ವರ್ಷದ ಮೇಲೆ ಶ್ರವಣ ಯಂತ್ರ ಸಿಗುವ ಕಥೆ ಅದು. ಯಂತ್ರ ಅವನ ಕಿವಿಗೆ ಹೋಗುವುದು ನಾಲ್ಕನೇ ಪುಟದಲ್ಲಿ. ಅಲ್ಲಿಯವರೆಗೂ ಅವನ ಬಾಲ್ಯ, ಅವನ ನೌಕರಿ, ಅವನ ಜಗಳಗಳು. ಮೂರನೇ ಪುಟದ ನಡುವೆ ನನ್ನ ದನಿಯೇ ಸುಸ್ತಾಯಿತು. ಅಲ್ಲೊಂದು ಗೆರೆ ಎಳೆದೆ. ಮುಂದೆ ಕಥೆಯ ಮುಖ್ಯವಾದ ಜಾಗಕ್ಕೆ ಬಂದರೆ ಈ ವಾಕ್ಯ ಇತ್ತು: 'ಮೌನದ ಗೋಡೆ ಕುಸಿದು ಅವನ ಬದುಕಿನಲ್ಲಿ ಶಬ್ದದ ಹೊಸ ಬೆಳಕು ಮೂಡಿತು.' ಬರೆದಾಗ ತುಂಬ ಹೆಮ್ಮೆಪಟ್ಟಿದ್ದ ವಾಕ್ಯ. ಗಟ್ಟಿಯಾಗಿ ಓದಿದಾಗ ಅದರೊಳಗೆ ಮುದುಕ ಕಾಣಲೇ ಇಲ್ಲ. ಅವನಿಗೆ ಏನು ಕೇಳಿಸಿತು ಅಂತ ನಾನು ಹೇಳಿಯೇ ಇರಲಿಲ್ಲ.

ಎರಡು ವಾರ ಅದೊಂದೇ ವಾಕ್ಯದ ಹಿಂದೆ ಬಿದ್ದೆ. ಕೊನೆಗೆ ಉಳಿದದ್ದು ಹೀಗಿತ್ತು: 'ನಡೆಯುವಾಗ ಹೆಂಡತಿಯ ಮಂಡಿ ಲಟಕ್ ಅನ್ನುತ್ತದೆ ಎಂದು ಅವನಿಗೆ ಗೊತ್ತಾಗಿದ್ದು ಅವತ್ತೇ.' ಇದನ್ನು ಬರೆದ ಮೇಲೆ ಮೊದಲ ಮೂರು ಪುಟ ತಾವಾಗಿಯೇ ಉದುರಿಹೋದವು. ಯಂತ್ರ ಮೊದಲ ಪುಟಕ್ಕೆ ಬಂತು.

ಅವತ್ತಿನಿಂದ ನಾನು ಹಿಡಿದ ದಾರಿ ಇದೇ. 'ನಾನು ಬರಹಗಾರನೇ?' ಅನ್ನುವ ಪ್ರಶ್ನೆ ಬಂದಾಗ ಅದನ್ನು 'ಯಾವ ಪುಟ? ಯಾವ ವಾಕ್ಯ?' ಅಂತ ಬದಲಾಯಿಸಿಕೊಳ್ಳುತ್ತೇನೆ. ಮೊದಲ ಪ್ರಶ್ನೆ ಹಿಡಿದು ರಾತ್ರಿಯಿಡೀ ಹೊರಳಾಡಬಹುದೇ ಹೊರತು ಮಾಡಲು ಕೆಲಸ ಏನೂ ಸಿಗುವುದಿಲ್ಲ. ಎರಡನೆಯದಕ್ಕೆ ಪೆನ್ಸಿಲ್ ಸಾಕು.

ಇಂಗ್ಲಿಷ್ ಲೇಖಕ ವಿಲಿಯಂ ಗೋಲ್ಡಿಂಗ್ ಅವರ 'ಲಾರ್ಡ್ ಆಫ್ ದ ಫ್ಲೈಸ್' ದ್ವೀಪವೊಂದರಲ್ಲಿ ಸಿಕ್ಕಿಬಿದ್ದ ಹುಡುಗರ ಕಾದಂಬರಿ. ಅದರ ಹಿಂದಿನ ಕಥೆ ಗೊತ್ತಾದದ್ದು ಆಮೇಲೆ. ಹಲವು ಪ್ರಕಾಶಕರು ಬೇಡವೆಂದ ಹಸ್ತಪ್ರತಿ 1953ರಲ್ಲಿ ಲಂಡನ್ನಿನ ಫೇಬರ್ ಪ್ರಕಾಶನಕ್ಕೆ ಹೋಯಿತು. ಅಲ್ಲಿ ಮೊದಲು ಓದಿದವರು ನೀರಸ, ಅರ್ಥವಿಲ್ಲದ್ದು ಎಂಬ ಷರಾ ಬರೆದು ಪಕ್ಕಕ್ಕಿಟ್ಟರು. ಅದೇ ಸಂಸ್ಥೆಗೆ ಹೊಸದಾಗಿ ಸೇರಿದ್ದ ಚಾರ್ಲ್ಸ್ ಮಾಂಟೀತ್ ಎಂಬ ಸಂಪಾದಕರು ಅದನ್ನೇ ಎತ್ತಿಕೊಂಡು ಮುಂದಕ್ಕೆ ಓದಿದರು. ಕಾದಂಬರಿ ಅಣುಯುದ್ಧದ ವಿವರಣೆಯಿಂದ ಶುರುವಾಗುತ್ತಿತ್ತು. ಅದನ್ನು ತೆಗೆಯಿರಿ, ಹುಡುಗರು ದ್ವೀಪದಲ್ಲಿ ಇರುವಲ್ಲಿಂದಲೇ ಶುರುಮಾಡಿ ಅಂತ ಕೇಳಿದರು. ಗೋಲ್ಡಿಂಗ್ ಒಪ್ಪಿಕೊಂಡು ತಿದ್ದಿದರು. 1954ರಲ್ಲಿ ಪುಸ್ತಕ ಬಂತು. 1983ರಲ್ಲಿ ಅವರಿಗೆ ನೊಬೆಲ್ ಬಂತು. ಇದನ್ನು ಹೇಳುವಾಗ ಎಲ್ಲರೂ ನೊಬೆಲ್ ಬಗ್ಗೆಯೇ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮೊದಲ ಪುಟಗಳು. ಬೇಡ ಅಂದವರೂ ಬೇಕು ಅಂದವರೂ ಎಡವಿದ್ದು ಬಹುಶಃ ಒಂದೇ ಜಾಗದಲ್ಲಿ. ಒಬ್ಬರು ಅಲ್ಲೇ ನಿಂತರು, ಇನ್ನೊಬ್ಬರು ದಾಟಿ ಹೋದರು.

ಇನ್ನು ದಿನನಿತ್ಯದ ವಿಷಯ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕಥೆಯ ಹೆಸರು, ಎಲ್ಲಿಗೆ ಕಳಿಸಿದೆ, ಯಾವಾಗ, ಏನು ಉತ್ತರ ಬಂತು, ಅಷ್ಟೇ. ಕಥೆಯನ್ನು ಮೊದಲ ಸಲ ಕಳಿಸುವ ದಿನವೇ ಅದು ವಾಪಸ್ ಬಂದರೆ ಮುಂದೆ ಹೋಗಬೇಕಾದ ಇನ್ನೆರಡು ಜಾಗಗಳ ಹೆಸರನ್ನೂ ಬರೆದಿಡುತ್ತೇನೆ. ಮನಸ್ಸು ಗಟ್ಟಿಯಾಗಿದ್ದಾಗ ಮಾಡಿದ ಈ ನಿರ್ಧಾರ ಮನಸ್ಸು ಕುಸಿದ ದಿನ ಕೈ ಹಿಡಿಯುತ್ತದೆ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳಿಸುವ ಮುಂಚೆ ಅವರ ನಿಯಮ ಓದುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಂದು ಕಡೆ ಆಯ್ಕೆಯಾದರೆ ಇನ್ನೊಂದು ಕಡೆಗೆ ಅವತ್ತೇ ತಿಳಿಸಬೇಕು.

ವಿಷಾದ ಪತ್ರ ಬಂದ ದಿನ ಕಥೆಯನ್ನು ಮುಟ್ಟುವುದಿಲ್ಲ. ಎರಡು ದಿನ ಸುಮ್ನೆ ಇರುತ್ತೇನೆ. ಬೇಜಾರಾಗುತ್ತದೆ, ಆಗಲಿ. ಒಮ್ಮೆ ಅದೇ ಸಿಟ್ಟಿನಲ್ಲಿ ಒಂದು ಕಥೆಯನ್ನು ಪೂರ್ತಿ ಬದಲಾಯಿಸಲು ಹೋಗಿ ಇದ್ದ ಜೀವವನ್ನೂ ತೆಗೆದುಬಿಟ್ಟೆ. ಹಳೆಯ ಕರಡನ್ನು ಉಳಿಸಿಕೊಂಡಿರಲಿಲ್ಲ. ಆ ಕಥೆ ಹೋಯಿತು, ಇವತ್ತಿಗೂ ಅದರ ನೋವು ಇದೆ. ಈಗ ಪ್ರತಿ ಕರಡನ್ನೂ ಬೇರೆ ಬೇರೆಯಾಗಿ ಉಳಿಸುತ್ತೇನೆ.

ಎಲ್ಲರ ಸಲಹೆಯನ್ನೂ ಕೇಳಿ ತಿದ್ದಬೇಕಿಲ್ಲ. ಇಬ್ಬರು ಓದುಗರು ಒಂದೇ ಜಾಗದಲ್ಲಿ ತಡವರಿಸಿದರೆ ತಿದ್ದುತ್ತೇನೆ, ಅವರು ಕೊಡುವ ಕಾರಣಗಳು ಬೇರೆ ಬೇರೆ ಆಗಿದ್ದರೂ ಸರಿ. ಒಬ್ಬರೇ ಹೇಳಿದ್ದಾದರೆ ಬರೆದಿಟ್ಟುಕೊಂಡು ಕಾಯುತ್ತೇನೆ. ಎಲ್ಲರಿಗೂ ಕಳಿಸುವ ಸಿದ್ಧ ಉತ್ತರದ ಜೊತೆಗೆ ಸಂಪಾದಕರು ತಾವಾಗಿ ಒಂದು ಸಾಲು ಸೇರಿಸಿದರೆ ಅದಕ್ಕೆ ಬೆಲೆ ಜಾಸ್ತಿ. ಅಷ್ಟು ರಾಶಿಯ ನಡುವೆ ಅವರು ನನ್ನ ಕಥೆಗಾಗಿ ಸಮಯ ಕೊಟ್ಟಿದ್ದಾರೆ. ಹನ್ನೊಂದನೆಯ ವಿಷಾದ ಪತ್ರದಲ್ಲಿ ಅಂಥ ಒಂದು ಸಾಲು ಇತ್ತು: 'ಮುದುಕನ ಹೆಂಡತಿ ಚೆನ್ನಾಗಿ ಬಂದಿದ್ದಾಳೆ, ಕೊನೆಯ ಪುಟ ಬೇಕಿರಲಿಲ್ಲ.' ಕೊನೆಯ ಪುಟ ತೆಗೆದೆ. ಐದನೇ ಕಡೆ ಆ ಕಥೆ ಒಪ್ಪಿಗೆಯಾಯಿತು. ಅಷ್ಟರಲ್ಲಿ ಬೇರೆ ಕಥೆಗಳನ್ನೂ ಸೇರಿಸಿ ನೋಟ್‌ಬುಕ್ಕಿನಲ್ಲಿ ಇಪ್ಪತ್ಮೂರು ವಿಷಾದ ಪತ್ರ ದಾಖಲಾಗಿದ್ದವು. ಒಂಬತ್ತು ಕಥೆಗಳಲ್ಲಿ ನಾಲ್ಕನ್ನು ಮತ್ತೆ ಕಳಿಸಲೇ ಇಲ್ಲ. ಅವು ನಿಜವಾಗಿಯೂ ಇನ್ನೂ ಕಥೆಗಳಾಗಿರಲಿಲ್ಲ.

ಕಥೆ ಅಚ್ಚಾದ ಮೇಲೆ ಅನುಮಾನ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಅದೃಷ್ಟದಿಂದ ಆಯ್ಕೆಯಾಯಿತು, ಮುಂದಿನ ಕಥೆಯಲ್ಲಿ ಬಣ್ಣ ಬಯಲಾಗುತ್ತದೆ ಅನ್ನುವ ಹೊಸ ಭಯ ಶುರುವಾಯಿತು. ಇದಕ್ಕೆ ಹೆಸರೂ ಇದೆ ಅಂತ ತಿಳಿದಾಗ ಸ್ವಲ್ಪ ಉಸಿರಾಡಿದೆ. ಪಾಲಿನ್ ಕ್ಲ್ಯಾನ್ಸ್ ಮತ್ತು ಸುಝಾನ್ ಇಮ್ಸ್ ಎಂಬ ಮನಃಶಾಸ್ತ್ರಜ್ಞೆಯರು 1978ರಲ್ಲಿ ಇದನ್ನು 'ಇಂಪೋಸ್ಟರ್' ಅನುಭವ, ಅಂದರೆ ತಾನು ಸೋಗು ಹಾಕಿದವಳು ಅನ್ನುವ ಅನುಭವ ಎಂದು ಕರೆದರು. ಓದಿನಲ್ಲಿ, ಕೆಲಸದಲ್ಲಿ ಚೆನ್ನಾಗಿ ಮೇಲೆ ಬಂದ ಹೆಣ್ಣುಮಕ್ಕಳು ಕೂಡ ತಮ್ಮ ಸಾಧನೆ ಏನೋ ತಪ್ಪಿನಿಂದ ಆದದ್ದು ಎಂದು ನಂಬಿದ್ದನ್ನು ಅವರು ಕಂಡಿದ್ದರು. ಮೇಲೆ ಬಂದರೂ ಹೋಗದ ಅನುಮಾನ ಅಂದರೆ ಅದು ನನ್ನ ಬರಹದ ಬಗ್ಗೆ ಹೆಚ್ಚೇನೂ ಹೇಳುತ್ತಿಲ್ಲ ಅಂತಾಯಿತು. ಅದಕ್ಕೂ ಅದೇ ಪ್ರಶ್ನೆ ಕೇಳುತ್ತೇನೆ. ಯಾವ ಪುಟ? ಪುಟ ತೋರಿಸಿದರೆ ತಿದ್ದಲು ಕೂರುತ್ತೇನೆ. ತೋರಿಸದೇ ಇದ್ದರೆ ಮುಂದಿನ ವಾಕ್ಯ ಬರೆಯುತ್ತೇನೆ.

ಹೋದ ವಾರ ಹೊಸ ಕಥೆಯೊಂದು ವಾಪಸ್ ಬಂತು. ಎರಡು ದಿನ ಬಿಟ್ಟು ಇವತ್ತು ಬೆಳಿಗ್ಗೆ ಗಟ್ಟಿಯಾಗಿ ಓದಿದೆ. ಐದನೇ ಪುಟದಲ್ಲಿ ಅಕ್ಕ ತಂಗಿಯರ ಫೋನ್ ಮಾತುಕತೆ ಒಂದು ಪುಟ ಪೂರ್ತಿ ನಡೆಯುತ್ತದೆ. ತಂಗಿ ಕೇಳಬೇಕಾದ್ದನ್ನು ಎರಡನೇ ಸಾಲಿನಲ್ಲೇ ಕೇಳಿಯಾಗಿದೆ. ಅಲ್ಲಿ ಗೆರೆ ಎಳೆದಿದ್ದೇನೆ. ಅಕ್ಕ ಉತ್ತರ ಕೊಡದೆ ಫೋನ್ ಇಟ್ಟರೆ ಹೇಗಿರುತ್ತದೆ ಅಂತ ಇವತ್ತು ರಾತ್ರಿ ಬರೆದು ನೋಡಬೇಕು.